ಕೆಲಸ ಹೋದಾಗ ಸಂಸಾರ ಹೋಗದಿರಲಿ

ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೆದ್ದಾರಿ ಹಿಡಿದರೆ ಕ್ಯಾತ್ಸಂದ್ರ ದಾಟಿದ ಮೇಲೆ ಹಿರೇಹಳ್ಳಿ ಸಿಗುತ್ತದೆ. ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹಳ್ಳಿಗಳಿಂದ ದಿನಾ ಜನ ಬರುತ್ತಾರೆ. ಕೆಲವರು ರೈಲಿನಲ್ಲಿ, ಕೆಲವರು ಬೈಕಿನಲ್ಲಿ, ಕೆಲವರು ಕಂಪನಿ ಬಸ್ಸಿನಲ್ಲಿ. ಊರಿನಿಂದ ಓಡಾಡಲಾಗದವರು ಹತ್ತಿರದಲ್ಲೇ ಒಂದು ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲಿಯೇ ಶಾಲೆಗೆ ಸೇರಿಸಿ ಸಂಸಾರ ಹೂಡುತ್ತಾರೆ. ಇವರಲ್ಲಿ ಬಹಳ ಮಂದಿ ಇರುವುದು ಕಾಂಟ್ರಾಕ್ಟ್ ಮೇಲೆ.

ಆರ್ಡರ್ ಕಡಿಮೆಯಾದಾಗ ಮೊದಲು ನಿಲ್ಲುವುದು ಓಟಿ. ಆಮೇಲೆ ಒಂದು ಶಿಫ್ಟ್ ಕಡಿತವಾಗುತ್ತದೆ. ಕೊನೆಗೆ ಒಂದು ಸಂಜೆ ಗೇಟಿನ ಹತ್ತಿರ ಸೂಪರ್‌ವೈಸರ್ ಕರೆದು, 'ನಾಳೆಯಿಂದ ಬರೋದು ಬೇಡ, ಕೆಲಸ ಇದ್ದಾಗ ಫೋನ್ ಮಾಡ್ತೀವಿ' ಅನ್ನುತ್ತಾರೆ. ಆ ಮಾತು ಕೇಳಿಸಿಕೊಂಡವನು ಮನೆಗೆ ಹೋಗಿ ಏನು ಹೇಳುತ್ತಾನೆ, ಮನೆಯವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನ ವರ್ಷದ ಸಂಸಾರ ನಿಂತಿರುತ್ತದೆ. ಕೆಲಸ ಕಳೆದುಕೊಂಡ ಗಂಡ ಹೆಂಡತಿ ಮೊದಲ ಕೆಲವು ತಿಂಗಳು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಬಿರುಕು ಎಲ್ಲಿಂದ ಬರುತ್ತದೆ?

ದುಡ್ಡು ನಿಂತರೆ ಜಗಳ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಂಸಾರ ಮುರಿಯಲು ದುಡ್ಡಿನ ಕೊರತೆಗಿಂತ ದೊಡ್ಡ ಕಾರಣಗಳಿವೆ. ಕೆರ್ವಿನ್ ಚಾರ್ಲ್ಸ್ ಮತ್ತು ಮೆಲ್ವಿನ್ ಸ್ಟೀಫನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆದಾಗ ಅವರ ಮನೆಗಳಲ್ಲಿ ವಿಚ್ಛೇದನದ ಸಂಭವ ಹೆಚ್ಚಿತು. ಇಡೀ ಕಾರ್ಖಾನೆ ಮುಚ್ಚಿ ಕೆಲಸ ಹೋದವರ ಮನೆಗಳಲ್ಲಿ ಹಾಗೆ ಹೆಚ್ಚಲಿಲ್ಲ. ಎರಡೂ ಕಡೆ ಸಂಬಳ ನಿಂತಿದ್ದು ನಿಜವೇ. ಒಂದು ಕಡೆ 'ಇವನಲ್ಲೇ ಏನೋ ಕೊರತೆ ಇದೆ' ಎಂಬ ಅನುಮಾನ ಹುಟ್ಟಿತು, ಇನ್ನೊಂದು ಕಡೆ ಅದಕ್ಕೆ ಜಾಗವಿರಲಿಲ್ಲ.

ತುಮಕೂರಿನವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಎಚ್‌ಎಂಟಿ ವಾಚ್ ಕಾರ್ಖಾನೆಯನ್ನು ನೆನೆಸಿಕೊಂಡರೆ ಸಾಕು. ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಮುಂದೆ ಇಸ್ರೊ ಪಾಲಾಯಿತು. ಅಲ್ಲಿ ದುಡಿದವರ ನಷ್ಟ ದೊಡ್ಡದು, ಆದರೆ ಅದು ಯಾರೊಬ್ಬರ ತಪ್ಪೂ ಅಲ್ಲವೆಂದು ಊರಿಗೇ ಗೊತ್ತಿತ್ತು. ಹಿರೇಹಳ್ಳಿಯಲ್ಲಿ ಒಂದು ಲೈನಿನಿಂದ ನಾಲ್ಕು ಜನರನ್ನು 'ಬ್ರೇಕ್' ಎಂದು ಮನೆಗೆ ಕಳಿಸಿದರೆ ಪತ್ರಿಕೆಯಲ್ಲಿ ಬರುವುದಿಲ್ಲ. ಪಕ್ಕದ ಮನೆಯವನು ಇನ್ನೂ ಕೆಲಸಕ್ಕೆ ಹೋಗುತ್ತಿರುತ್ತಾನೆ. ಆಗಲೇ 'ಅವನಿಗಿಲ್ಲದ್ದು ನಿಮಗ್ಯಾಕೆ ಬಂತು?' ಎಂಬ ಪ್ರಶ್ನೆ ಮನೆಯೊಳಗೆ ಬರುವುದು.

ಆಗ ಹಾರ್ವರ್ಡ್‌ನಲ್ಲಿದ್ದ ಸಮಾಜಶಾಸ್ತ್ರಜ್ಞೆ ಅಲೆಕ್ಸಾಂಡ್ರಾ ಕಿಲ್ಲೆವಾಲ್ಡ್ 2016ರಲ್ಲಿ ಅಮೆರಿಕದ 6,300 ದಂಪತಿಗಳ ಮಾಹಿತಿ ಪರಿಶೀಲಿಸಿದರು. 1975ರ ನಂತರ ಮದುವೆಯಾದವರಲ್ಲಿ ಗಂಡನಿಗೆ ಪೂರ್ಣಾವಧಿ ಕೆಲಸವಿದ್ದರೆ ಮುಂದಿನ ಒಂದು ವರ್ಷದಲ್ಲಿ ವಿಚ್ಛೇದನವಾಗುವ ಸಂಭವ ಶೇ 2.5, ಇಲ್ಲದಿದ್ದರೆ ಶೇ 3.3. ಮನೆಯ ಒಟ್ಟು ವರಮಾನ ಹೆಚ್ಚೋ ಕಡಿಮೆಯೋ ಎಂಬುದರಿಂದ ಅಷ್ಟು ವ್ಯತ್ಯಾಸವಾಗಲಿಲ್ಲ. ಗಂಡಸು ದುಡಿದು ತರಲೇಬೇಕು ಎಂಬ ನಿರೀಕ್ಷೆಯೇ ದುಡ್ಡಿಗಿಂತ ಭಾರವಾಗಿ ಕೂತಿತ್ತು. ಶೇ 3.3 ಎಂದರೆ ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಸಂಸಾರ ಆ ವರ್ಷ ಉಳಿದುಕೊಂಡವು ಎಂಬುದನ್ನೂ ಮರೆಯಬಾರದು.

ನಮ್ಮಲ್ಲಿ ಸಂಸಾರ ಒಡೆಯುವ ರೀತಿ ಬೇರೆ. ಕೋರ್ಟಿಗೆ ಹೋಗುವವರು ಕಡಿಮೆ. 'ಸ್ವಲ್ಪ ದಿನ ತವರಿನಲ್ಲಿರ್ತೀನಿ' ಎಂದು ಮಗುವನ್ನು ಕರೆದುಕೊಂಡು ಹೋದವಳು ಅಲ್ಲಿಯೇ ಉಳಿದುಬಿಡುತ್ತಾಳೆ. 2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದಿತರೆಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುತ್ತಿದ್ದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ನಾವು ಎಚ್ಚರವಾಗಿರಬೇಕಾದದ್ದು ಕೋರ್ಟಿನ ನೋಟಿಸ್ ಬಂದಾಗಲ್ಲ, ಈ ತವರಿನ ಬಸ್ಸು ಹತ್ತುವ ಮೊದಲು.

ಹೇಳುವುದನ್ನು ಮುಂದೂಡಬೇಡಿ

ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ: ಕೆಲಸ ಹೋದ ಮೇಲೂ ಗಂಡ ಎಂದಿನಂತೆ ಯೂನಿಫಾರಂ ಹಾಕಿ ಹೊರಡುತ್ತಾನೆ. ಹೆಂಡತಿ ಐದು ಗಂಟೆಗೆ ಎದ್ದು ಕಟ್ಟಿಕೊಟ್ಟ ಡಬ್ಬಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಉಣ್ಣುತ್ತಾನೆ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಮನೆಗೆ ಬರುತ್ತಾನೆ. ಸಂಬಳದ ದಿನಕ್ಕೆ ಕೈಸಾಲ ತಂದು ಕೊಡುತ್ತಾನೆ. ಮೋಸ ಮಾಡುವ ಉದ್ದೇಶ ಅವನಿಗಿಲ್ಲ, ನಾಚಿಕೆ ಅಷ್ಟೆ. ಆದರೆ ಸುದ್ದಿ ಕೊನೆಗೆ ಸಹೋದ್ಯೋಗಿಯ ಹೆಂಡತಿಯ ಬಾಯಿಂದ ಬಂದಾಗ ಹೆಂಡತಿಗೆ ಕೆಲಸ ಹೋದದ್ದಕ್ಕಿಂತ 'ನನಗೇ ಹೇಳಲಿಲ್ಲವಲ್ಲ' ಎಂಬುದು ಹೆಚ್ಚು ನೋಯುತ್ತದೆ. ಹೋದ ಕೆಲಸಕ್ಕೆ ಬದಲಿ ಕೆಲಸ ಸಿಗಬಹುದು, ಹೋದ ನಂಬಿಕೆ ಅಷ್ಟು ಬೇಗ ಬರುವುದಿಲ್ಲ.

ಆದ್ದರಿಂದ ಅದೇ ದಿನ ಹೇಳಿ. ಮಕ್ಕಳು ಮಲಗಿದ ಮೇಲೆ, ಫೋನ್ ಪಕ್ಕಕ್ಕಿಟ್ಟು, ನೇರವಾಗಿ ಹೇಳಿ: 'ಇವತ್ತು ಕಂಪ್ನೀಲಿ ನನ್ನನ್ನ ತೆಗೆದ್ರು. ಆರ್ಡರ್ ಇಲ್ವಂತೆ, ನಾಲ್ಕು ಜನಕ್ಕೆ ಹಿಂಗಾಯ್ತು. ಬರೋ ದುಡ್ಡು ಎಷ್ಟು, ಕಟ್ಟೋದು ಎಷ್ಟು, ನಾಳೆ ಕೂತು ಲೆಕ್ಕ ಹಾಕೋಣ.' ಯಾಕೆ ತೆಗೆದರು, ಎಷ್ಟು ಜನರನ್ನು ತೆಗೆದರು ಎಂಬುದನ್ನು ಬಿಡಿಸಿ ಹೇಳುವುದು ಮುಖ್ಯ. ಕಾರಣ ಗೊತ್ತಾದರೆ ಅನುಮಾನಕ್ಕೆ ಎಡೆ ಇರುವುದಿಲ್ಲ.

ಕೇಳಿಸಿಕೊಳ್ಳುವವರ ಮೇಲೂ ಹೊಣೆಯಿದೆ. 'ನಾನು ಮೊದಲೇ ಹೇಳಿದ್ದೆ', 'ನಮ್ಮಣ್ಣನ್ನ ನೋಡಿ' ಎಂಬ ಮಾತುಗಳನ್ನು ಆ ರಾತ್ರಿ ಬಾಯಿಗೆ ತರಬೇಡಿ. 'ಆಯ್ತು ಬಿಡ್ರೀ, ಹೇಳಿದ್ದು ಒಳ್ಳೇದಾಯ್ತು' ಎಂಬ ಒಂದು ಮಾತು ಸಾಕು. ಕೆಲಸ ಹೋದದ್ದು ಹೆಂಡತಿಯದಾದರೂ ಇದೇ ಮಾತು ಗಂಡನಿಗೂ ಅನ್ವಯಿಸುತ್ತದೆ. 'ಹೆಂಗೂ ನಿನ್ನ ಸಂಬಳ ಎಷ್ಟಿತ್ತು ಮಹಾ' ಎಂದು ಹಗುರ ಮಾಡುವುದು ಸಮಾಧಾನವಲ್ಲ, ಅವಮಾನ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಅವರಿಗೂ ಮರುದಿನ ತಿಳಿಯುವಷ್ಟು ಹೇಳಿ. ಮುಚ್ಚಿಟ್ಟರೆ ಅವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ.

ಬರಬೇಕಾದ ದುಡ್ಡು ಬಿಡಬೇಡಿ

ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡಬೇಕಾದ ಮೊದಲ ಕೆಲಸ ಕಾಗದಪತ್ರ ಜೋಡಿಸುವುದು. ಆಫರ್ ಲೆಟರ್, ಸ್ಯಾಲರಿ ಸ್ಲಿಪ್, ಐಡಿ ಕಾರ್ಡ್, ಪಿಎಫ್‌ನ ಯುಎಎನ್ ನಂಬರ್, ಇಎಸ್‌ಐ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದು ಫೈಲಿನಲ್ಲಿರಲಿ.

*ಸಹಿ ಹಾಕುವ ಮುನ್ನ ಓದಿ.* ಕೆಲಸದಿಂದ ತೆಗೆಯುವಾಗ ರಾಜೀನಾಮೆ ಬರೆಸಿಕೊಳ್ಳುವ ರೂಢಿ ಬಹಳ ಕಡೆ ಇದೆ. ನಾನಾಗಿಯೇ ಬಿಟ್ಟೆ ಎಂದು ಬರೆದುಕೊಟ್ಟರೆ ಕಡಿತದ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಖಾಲಿ ಹಾಳೆಗೆ ಎಂದೂ ಸಹಿ ಹಾಕಬೇಡಿ. 'ಮನೇಲಿ ಕೇಳಿ ನಾಳೆ ಹೇಳ್ತೀನಿ' ಎಂದು ಬನ್ನಿ.

*ಬಾಕಿ ಸಂಬಳ.* 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸದಿಂದ ತೆಗೆದರೂ, ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕಾಂಟ್ರಾಕ್ಟರ್ ಕೊಡದೆ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಹೊಣೆ.

*ಕಡಿತದ ಪರಿಹಾರ.* ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ಹೆಚ್ಚುವರಿ ಎಂದು ತೆಗೆದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಬರಬೇಕು.

*ಗ್ರಾಚ್ಯುಟಿ.* ಐದು ವರ್ಷ ಸತತ ಸೇವೆ ಆಗಿದ್ದರೆ ಇದು ನಿಮ್ಮ ಹಕ್ಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 15,600 ರೂಪಾಯಿ ಇದ್ದು ಆರು ವರ್ಷ ದುಡಿದಿದ್ದರೆ 54,000 ರೂಪಾಯಿ ಆಗುತ್ತದೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆ ಸಾಕು.

*ಇಎಸ್‌ಐ.* ಕೆಲಸ ಹೋದ ದಿನವೇ ಆಸ್ಪತ್ರೆ ಸೌಲಭ್ಯ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜೂನ್ 30ರವರೆಗೂ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಕಟ್ಟಿದ್ದರೆ ಆ ಮಾರ್ಚ್ ಬಂದ ವರ್ಷದ ಡಿಸೆಂಬರ್ 31ರವರೆಗೂ ಮನೆಯವರಿಗೆ ಚಿಕಿತ್ಸೆ ಸಿಗುತ್ತದೆ. ಇದರ ಜೊತೆಗೆ 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಿದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಜೀವಮಾನದಲ್ಲಿ ಗರಿಷ್ಠ 90 ದಿನ ನಿರುದ್ಯೋಗ ಭತ್ಯೆ ಕೊಡುವ ಯೋಜನೆ ಇದು. ಮೊದಲು ದಿನದ ಸರಾಸರಿ ಗಳಿಕೆಯ ಶೇ 25 ಇದ್ದದ್ದನ್ನು ಕೋವಿಡ್ ಕಾಲದಲ್ಲಿ ಶೇ 50ಕ್ಕೆ ಏರಿಸಿದರು. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ, ಹಾಗಾಗಿ ಅರ್ಜಿ ಹಾಕುವ ಮೊದಲು ಇಎಸ್‌ಐ ಶಾಖಾ ಕಚೇರಿಯಲ್ಲಿ ಸದ್ಯದ ನಿಯಮ ಕೇಳಿಕೊಳ್ಳಿ.

*ಪಿಎಫ್.* ಕೆಲಸ ಹೋದ ತಕ್ಷಣ ಶೇ 75ರಷ್ಟು ತೆಗೆಯಲು ಅವಕಾಶ, ಪೂರ್ತಿ ತೆಗೆಯಲು ಒಂದು ವರ್ಷ ಕಾಯಬೇಕು ಎಂದು ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಆದರೂ ಅದಕ್ಕೆ ಕೊನೆಯಲ್ಲಿ ಕೈಹಾಕಿ. ಪಿಂಚಣಿ ಖಾತೆಯನ್ನಂತೂ ಮುಟ್ಟಬೇಡಿ. ಹತ್ತು ವರ್ಷದ ಸೇವೆ ತುಂಬಿದರೆ ಮುಂದೆ ತಿಂಗಳ ಪಿಂಚಣಿ ಬರುತ್ತದೆ, ಈಗ ತೆಗೆದರೆ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಕಂಪನಿ ಕೊಡದಿದ್ದರೆ ತುಮಕೂರಿನ ಕಾರ್ಮಿಕ ಇಲಾಖೆ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ವಕೀಲರ ನೆರವು ಬಡವರಿಗಷ್ಟೇ ಎಂದು ಹಲವರು ಭಾವಿಸಿದ್ದಾರೆ. ಆದರೆ ಈ ಪ್ರಾಧಿಕಾರದ 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೂ ಎಲ್ಲ ಹೆಂಗಸರಿಗೂ ಆದಾಯದ ಮಿತಿಯಿಲ್ಲದೆ ಈ ನೆರವು ಸಿಗುತ್ತದೆ. ಸಹಾಯವಾಣಿ 15100.

ಈ ಓಡಾಟಕ್ಕೆ ಸಾಧ್ಯವಾದಷ್ಟು ಇಬ್ಬರೂ ಹೋಗಿ. ಕಚೇರಿಯ ಬಾಗಿಲಲ್ಲಿ ಇಬ್ಬರೂ ಕಾದು ನಿಂತವರ ನಡುವೆ 'ನೀವೇನೂ ಪ್ರಯತ್ನ ಮಾಡ್ತಿಲ್ಲ' ಎಂಬ ಮಾತು ಹುಟ್ಟುವುದಿಲ್ಲ.

ಸಂಘದ ಕಂತು, ಮನೆಯ ಒಡವೆ

ಮನೆಯ ಲೆಕ್ಕವನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾಡಿಗೆ, ರೇಷನ್, ಶಾಲೆ ಫೀಸು, ಔಷಧಿ ಮೊದಲು. ಬೈಕಿನ ಇಎಂಐ, ಚೀಟಿ, ಸಂಘದ ವಾರದ ಕಂತು, ಕೈಸಾಲ ಆಮೇಲೆ. ಗೃಹಲಕ್ಷ್ಮಿಯ 2,000 ರೂಪಾಯಿ, ಅನ್ನಭಾಗ್ಯದ ಅಕ್ಕಿ ಇವೂ ಲೆಕ್ಕದಲ್ಲಿರಲಿ. ಗೃಹಲಕ್ಷ್ಮಿ ಹಣ ಮನೆಯೊಡತಿಯ ಖಾತೆಗೆ ಬರುತ್ತದೆ. ಅದನ್ನು ಯಾವುದಕ್ಕೆ ಬಳಸಬೇಕೆಂಬ ಮಾತೂ ಅವಳದೇ ಆಗಿರಬೇಕು.

ಸಂಘದ ಸಾಲ ಬಹುತೇಕ ಹೆಂಡತಿಯ ಹೆಸರಿನಲ್ಲಿರುತ್ತದೆ. ಗಂಡನ ಕೆಲಸ ಹೋದರೆ ಗುಂಪಿನ ಎದುರು ತಲೆ ತಗ್ಗಿಸುವವಳು ಅವಳು. ಆ ಅವಮಾನ ಸಂಜೆ ಜಗಳವಾಗಿ ಮನೆಗೆ ಬರುತ್ತದೆ. ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಹತ್ತಿರ ಹೋಗಿ ಅವಧಿ ವಿಸ್ತರಿಸಿ, ಕಂತು ಇಳಿಸಿಕೊಡಿ ಎಂದು ಅರ್ಜಿ ಕೊಡಿ. ಒಂದು ಸಾಲ ತೀರಿಸಲು ಇನ್ನೊಂದು ಮೈಕ್ರೋಫೈನಾನ್ಸ್ ಸಾಲ ಎತ್ತಬೇಡಿ. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು.

ಇನ್ನು ಒಡವೆ. ಕಷ್ಟ ಬಂದಾಗ ಗಿರವಿಗೆ ಹೋಗುವುದು ಹೆಂಡತಿಯ ಸರ, ಓಲೆ. ತವರಿನವರು ಕೊಟ್ಟ ಒಡವೆ ಹೆಣ್ಣಿನ ಸ್ವಂತ ಸ್ತ್ರೀಧನ, ಅದು ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಹಿಂದಿರುಗಿಸುವುದು ಅವನ ಹೊಣೆ ಎಂದೂ ಹೇಳಿತು. ಹಾಗಾಗಿ ಅವಳ ಒಪ್ಪಿಗೆಯಿಲ್ಲದೆ ಬೀರುವಿನ ಬೀಗ ತೆಗೆಯಬೇಡಿ. ಗಿರವಿ ಇಡಲೇಬೇಕಾದರೆ ಅವಳ ಹೆಸರಿನಲ್ಲೇ ಇಟ್ಟು, ರಸೀದಿಯನ್ನು ಅವಳ ಕೈಗೇ ಕೊಡಿ. ಯಾವ ದುಡ್ಡಿನಿಂದ ಯಾವಾಗ ಬಿಡಿಸಬೇಕೆಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಖಾಲಿ ಹಗಲನ್ನು ತುಂಬಿಸಿ

ಆಸ್ಟ್ರಿಯಾದ ಮರೀಂಥಾಲ್ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದ ಜವಳಿ ಕಾರ್ಖಾನೆ 1929ರ ಆರ್ಥಿಕ ಕುಸಿತದ ಹೊತ್ತಿಗೆ ಮುಚ್ಚಿತು. ಮರೀ ಯಹೋಡ ಮತ್ತು ಸಂಗಡಿಗರು ಅಲ್ಲಿನ ಮನೆಗಳನ್ನು ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಗಂಡಸರಿಗೆ ಬೇಕಾದಷ್ಟು ಬಿಡುವಿತ್ತು, ಆದರೆ ಗ್ರಂಥಾಲಯದಿಂದ ಅವರು ತರುವ ಪುಸ್ತಕ ಕಡಿಮೆಯಾಯಿತು, ನಡಿಗೆಯೇ ನಿಧಾನವಾಯಿತು. ಇವತ್ತು ಏನು ಮಾಡಿದಿರಿ ಎಂದರೆ ಹೇಳಲು ತಡಕಾಡುತ್ತಿದ್ದರು. ಹೆಂಗಸರಿಗೆ ಮಾತ್ರ ಅಡುಗೆ, ಬಟ್ಟೆ, ಮಕ್ಕಳ ಕೆಲಸ ಎಂದಿನಂತೆಯೇ ಇತ್ತು.

ನಮ್ಮ ಮನೆಗಳ ಜಗಳದ ಮೂಲವೂ ಬಹಳ ಸಲ ಇದೇ. ಅವಳು ಬೆಳಗಿನಿಂದ ಒಂದೇ ಸಮನೆ ದುಡಿಯುತ್ತಿರುತ್ತಾಳೆ, ಅವನು ಮೊಬೈಲ್ ಹಿಡಿದು ಕೂತಿರುತ್ತಾನೆ. ಶಿಫ್ಟಿಗೆ ಏಳುತ್ತಿದ್ದ ಹೊತ್ತಿಗೇ ಏಳುವುದನ್ನು ಬಿಡಬೇಡಿ. ಬೆಳಗಿನ ಹೊತ್ತು ಕೆಲಸ ಹುಡುಕಲು ಮೀಸಲು: ವಸಂತನರಸಾಪುರ, ಅಂತರಸನಹಳ್ಳಿ, ದಾಬಸ್‌ಪೇಟೆ ಕಡೆಯ ಕಾರ್ಖಾನೆಗಳಿಗೆ ಅರ್ಜಿ, ಹಳೆಯ ಸಹೋದ್ಯೋಗಿಗಳಿಗೆ ಫೋನ್. ಮಧ್ಯಾಹ್ನದ ಮೇಲೆ ಮನೆಯ ಎರಡು ಕೆಲಸ ಪೂರ್ತಿ ನಿಮ್ಮದಾಗಲಿ. ನೀರು ಹಿಡಿಯುವುದು, ಮಗುವನ್ನು ಶಾಲೆಯಿಂದ ಕರೆತಂದು ಓದಿಸುವುದು, ಏನಾದರೂ ಸರಿ. ಹೇಳಿಸಿಕೊಂಡು ಮಾಡುವ ಸಹಾಯ ಬೇಡ, ಹೊತ್ತುಕೊಂಡ ಜವಾಬ್ದಾರಿ ಬೇಕು.

ಹೆಂಡತಿ ಕೆಲಸಕ್ಕೆ ಹೊರಡುವಂತಾದರೆ ಅದನ್ನು ಗಂಡಸುತನಕ್ಕೆ ಬಿದ್ದ ಏಟೆಂದುಕೊಳ್ಳಬೇಡಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಬರುವ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ಅವಳು ಹೊರಗೆ ಎಂಟು ಗಂಟೆ ದುಡಿದು ಬಂದು ಮತ್ತೆ ಒಲೆ ಮುಂದೆ ನಿಲ್ಲುವಂತಾದರೆ ಆ ಸಂಬಳದಿಂದ ಮನೆಗೆ ನೆಮ್ಮದಿ ಬರುವುದಿಲ್ಲ. ಕೆಲಸ ಕಳೆದುಕೊಳ್ಳುವವರಲ್ಲಿ ಹೆಂಗಸರೂ ಇದ್ದಾರೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 1,200ಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು, ಬಹುಪಾಲು ಹೆಂಗಸರದು. ಅವರು ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತರು. ಅವರ ಸಂಬಳವೂ ಮನೆಯ ಕಂಬವೇ ಆಗಿತ್ತು.

ಊರಿಗೆ ಹೋಗುವ ಮುನ್ನ

ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಿ ಊರಿಗೆ ಹೋಗುವುದು ಈ ಭಾಗದಲ್ಲಿ ಸಹಜ. ತೆಂಗು, ಅಡಿಕೆ, ರಾಗಿ ಹೊಲ ಇದ್ದವರಿಗೆ ಅನ್ನಕ್ಕೆ ತೊಂದರೆಯಾಗದು. ಆದರೆ ತನ್ನ ಮನೆ, ತನ್ನ ಒಲೆ ಎಂದಿದ್ದ ಸೊಸೆ ಮತ್ತೆ ಅತ್ತೆ ಮಾವನ ಕೈಕೆಳಗೆ ಬರುತ್ತಾಳೆ, ಮಗನಿಗೆ ಅಣ್ಣತಮ್ಮಂದಿರ ಮುಂದೆ ಹಂಗಿನ ಊಟ ಎನಿಸುತ್ತದೆ. ಹೋಗುವ ಮೊದಲೇ ಕೆಲವು ಮಾತು ಆಗಬೇಕು. ಎಷ್ಟು ತಿಂಗಳಿಗೆ ಹೋಗುತ್ತಿದ್ದೇವೆ? ಖರ್ಚಿಗೆ ನಮ್ಮ ಪಾಲೆಷ್ಟು? ಮಕ್ಕಳ ಶಾಲೆ ವರ್ಷದ ನಡುವೆ ತಪ್ಪುವುದಿಲ್ಲವೇ? ಗಂಡ ಹೆಂಡತಿಗೆ ಮಾತಾಡಿಕೊಳ್ಳಲು ಒಂದು ಕೋಣೆ ಇದೆಯೇ?

ಹೆಂಡತಿ ತವರಿಗೆ ಹೋಗುವುದಾದರೂ ಹಿಂದಿರುಗುವ ದಿನ ಗೊತ್ತುಮಾಡಿಕೊಂಡೇ ಹೋಗಲಿ. ದಿನಾ ಫೋನ್ ಮಾಡಿ, ವಾರಕ್ಕೊಮ್ಮೆ ಗಂಡ ಹೋಗಿ ಬರಲಿ.

ಹಿರಿಯರಿಗೂ ಒಂದು ಮಾತು. ಮಗ ಸೋತು ಬಂದಾಗ 'ಇವಳ ಕಾಲ್ಗುಣ' ಎನ್ನುವುದು, ಮಗಳು ಅಳುತ್ತಾ ಬಂದಾಗ 'ಕೆಲಸ ಸಿಕ್ಕ ಮೇಲೆ ಬಂದು ಕರ್ಕೊಂಡು ಹೋಗಲಿ' ಎಂದು ಷರತ್ತು ಹಾಕುವುದು, ಎರಡೂ ಸಂಸಾರ ಮುರಿಯುವ ಮಾತುಗಳೇ. ಕೈಲಾದರೆ ಒಂದು ಮೂಟೆ ರಾಗಿ ಕೊಡಿ, ಮೊಮ್ಮಕ್ಕಳ ಫೀಸು ಕಟ್ಟಿ. ತೀರ್ಪು ಕೊಡಬೇಡಿ.

ಕೈಮೀರಿದರೆ

ನಿದ್ದೆ ಬರದಿರುವುದು, ಯಾರ ಜೊತೆಗೂ ಮಾತಾಡದಿರುವುದು, ಹಗಲೇ ಕುಡಿಯುವುದು, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು, ಇವು ಕಂಡರೆ ಕಾಯಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು.

ಹೊಡೆತಕ್ಕೆ ಯಾವ ಕಷ್ಟವೂ ನೆಪವಲ್ಲ. ಗಂಡ ಕೆಲಸವಿಲ್ಲದೆ ನೊಂದಿದ್ದಾನೆ, ಸಹಿಸಿಕೋ ಎಂದು ಯಾರೂ ಯಾವ ಹೆಣ್ಣಿಗೂ ಹೇಳಬಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಬಡಿತದ ಜೊತೆಗೆ ಅವಳ ದುಡ್ಡು, ಒಡವೆ ಕಿತ್ತುಕೊಳ್ಳುವುದೂ ದೌರ್ಜನ್ಯವೇ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಅಂಥ ಮನೆಯಿಂದ ಹೊರಬಂದವಳು ಸಂಸಾರ ಮುರಿದವಳಲ್ಲ.

ಬೇರೆಯಾಗುವ ಮಾತು ಬಂದಾಗ ಕಾನೂನೂ ತಿಳಿದಿರಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಕೆಲಸವಿಲ್ಲ ಎಂಬುದೊಂದೇ ವಿಚ್ಛೇದನಕ್ಕೆ ಕಾರಣವಾಗುವುದಿಲ್ಲ. ದುಡಿಯುವ ಶಕ್ತಿಯಿರುವ ಗಂಡ ಕೆಲಸವಿಲ್ಲ ಎಂದಷ್ಟೇ ಹೇಳಿ ಜೀವನಾಂಶದಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿ, ಇಬ್ಬರೂ ಆದಾಯ ಆಸ್ತಿಯ ಪ್ರಮಾಣಪತ್ರ ಕೊಡಬೇಕೆಂದು ವಿಧಿಸಿತು. ಕೌಟುಂಬಿಕ ನ್ಯಾಯಾಲಯವೂ ಮೊದಲು ರಾಜಿಗೇ ಪ್ರಯತ್ನಿಸಬೇಕೆಂಬುದು 1984ರ ಕಾಯ್ದೆಯ ಆಶಯ. ಅಲ್ಲಿಯವರೆಗೆ ಹೋಗುವ ಮೊದಲೇ ಇಬ್ಬರಿಗೂ ಬೇಕಾದ, ಯಾರ ಪಕ್ಷವೂ ವಹಿಸದ ಒಬ್ಬರನ್ನು ಕೂರಿಸಿಕೊಂಡು ಮಾತಾಡಿ.

ಆರ್ಡರ್ ಕಡಿಮೆಯಾದದ್ದಕ್ಕೆ, ಕಾಂಟ್ರಾಕ್ಟ್ ಮುಗಿದದ್ದಕ್ಕೆ ಮನೆಯೊಳಗಿನ ಯಾರೂ ಕಾರಣರಲ್ಲ. ಈ ಒಂದು ಮಾತನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಇಬ್ಬರೂ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿಕೊಂಡ ಮನೆಯವರಿಗೆ ಕೆಲಸ ಹುಡುಕುವುದು, ಸಾಲ ತೀರಿಸುವುದು, ಬರಬೇಕಾದ ದುಡ್ಡಿಗೆ ಓಡಾಡುವುದು ಎಲ್ಲವೂ ಇಬ್ಬರ ಕೆಲಸವಾಗುತ್ತದೆ. ನಿಮ್ಮ ಬೀದಿಯಲ್ಲಿ, ನಿಮ್ಮ ಲೈನಿನಲ್ಲಿ ಹೀಗೆ ಕೆಲಸ ಕಳೆದುಕೊಂಡವರಿದ್ದರೆ ಈ ಸಹಾಯವಾಣಿ ನಂಬರುಗಳನ್ನು ಬರೆದು ಅವರಿಗೆ ಕೊಡಿ, ಕಾರ್ಮಿಕ ಇಲಾಖೆ ಕಚೇರಿಗೆ ಅವರ ಜೊತೆ ಒಂದು ಸಲ ಹೋಗಿ ಬನ್ನಿ.